ಬೀಸುಕಲ್ಲು ತಾನಾಗಿ ತಿರುಗದು

ಮಕ್ಕಳೇ, ಈ ಪುಟ ಓದುತ್ತಾ ಕೂತಿರುವ ಹಾಗೆಯೇ, ಬಾಯಿ ಅಲ್ಲಾಡಿಸದೆ, ಒಂದು ವಿಷಯ ಗಮನಿಸಿ. ನಿಮ್ಮ ಮೇಲಿನ ಸಾಲಿನ ಹಲ್ಲುಗಳು ಕೆಳಗಿನ ಸಾಲಿಗೆ ತಾಗಿಕೊಂಡಿವೆಯೇ, ಇಲ್ಲ ನಡುವೆ ಸ್ವಲ್ಪ ಜಾಗ ಇದೆಯೇ? ಪಕ್ಕದಲ್ಲಿ ಅಜ್ಜ, ಅಜ್ಜಿ ಇದ್ದರೆ ಅವರನ್ನೂ ಕೇಳಿ.

ಜಾಗ ಇದ್ದರೆ ಸರಿ. ಬಾಯಿ ಸುಮ್ಮನಿದ್ದಾಗ ಹಲ್ಲುಗಳ ನಡುವೆ 2ರಿಂದ 4 ಮಿಲಿಮೀಟರ್ ಅಂತರ ಇರುವುದೇ ಸಹಜ. ಅಗಿಯುವಾಗ ಮತ್ತು ಎಂಜಲು ನುಂಗುವಾಗ ಮಾತ್ರ ಹಲ್ಲಿಗೆ ಹಲ್ಲು ತಾಗಬೇಕು. ಒಂದು ಹಗಲು ಒಂದು ರಾತ್ರಿಯಲ್ಲಿ ಹೀಗೆ ತಾಗುವ ಹೊತ್ತನ್ನೆಲ್ಲ ಕೂಡಿದರೆ ಸುಮಾರು 20 ನಿಮಿಷ ಆಗುತ್ತದೆ, ಅಷ್ಟೇ. ಉಳಿದ ಹೊತ್ತೆಲ್ಲ ಹಲ್ಲಿಗೆ ರಜೆ.

ಆದರೆ ಕೆಲವರ ಹಲ್ಲಿಗೆ ಈ ರಜೆ ಸಿಗುವುದಿಲ್ಲ. ನಿದ್ದೆಯಲ್ಲಿ ಕಟಕಟ, ಕರಕರ ಎಂದು ಹಲ್ಲು ಕಡಿಯುತ್ತಾರೆ. ಈ ಸಲದ ಅಂಚೆಯಲ್ಲಿ ಅದರ ಬಗ್ಗೆಯೇ ಎರಡು ಕಾಗದ ಬಂದಿವೆ.

ಮೊದಲನೆಯದು ಒಬ್ಬ ಅಜ್ಜಿಯವರದು. ಅವರ ಎಂಟು ವರ್ಷದ ಮೊಮ್ಮಗ ರಾತ್ರಿ ಹಲ್ಲು ಕಡಿಯುವುದು ಪಕ್ಕದ ಕೋಣೆಗೂ ಕೇಳಿಸುತ್ತದಂತೆ. "ಹುಳುವಿನ ಮಾತ್ರೆ ಎರಡು ಸಲ ಕೊಟ್ಟಾಯಿತು, ನಿಲ್ಲಲಿಲ್ಲ. ಈಗ ಒಬ್ಬರು, ಅವನ ಮೇಲಿನ ಹಲ್ಲು ಕೆಳಗಿನ ಹಲ್ಲು ಸರಿಯಾಗಿ ಕೂಡುತ್ತಿಲ್ಲ, ಅದಕ್ಕೇ ಕಡಿಯುತ್ತಾನೆ, ಎತ್ತರದ ಹಲ್ಲುಗಳನ್ನು ಉಜ್ಜಿ ಸಮ ಮಾಡಿ ಆಮೇಲೆ ತಂತಿ ಹಾಕಿಸಿ ಅಂತ ಹೇಳಿದ್ದಾರೆ. ಮಗನಿಗೆ ತಿಳಿಸಿದರೆ ಸಾಲ ಮಾಡಿಯಾದರೂ ಮಾಡಿಸುತ್ತಾನೆ. ಮಾಡಿಸಬೇಕೇ ಡಾಕ್ಟರೇ?" ಎಂದು ಕೇಳಿದ್ದಾರೆ.

ಎರಡನೆಯದು ಆರನೇ ತರಗತಿಯ ಹುಡುಗಿಯದು. "ನನ್ನ ಕೋರೆಹಲ್ಲು ಸೊಟ್ಟಗಿದೆ. ನಾನು ನಿದ್ದೆಯಲ್ಲಿ ಹಲ್ಲು ಕಡಿಯುತ್ತೇನೆ. ಸೊಟ್ಟ ಹಲ್ಲಿನವರೇ ಕಡಿಯೋದು ಅಂತ ಅಣ್ಣ ಗೇಲಿ ಮಾಡುತ್ತಾನೆ. ನಿಜವಾ ಅಜ್ಜ?"

ಇಬ್ಬರ ಪ್ರಶ್ನೆಯೂ ಒಂದೇ. ಹಲ್ಲುಗಳು ಕೂಡುವ ಬಗೆಗೂ ಹಲ್ಲು ಕಡಿಯುವುದಕ್ಕೂ ಏನು ಸಂಬಂಧ? ಇದನ್ನು ಹಲ್ಲಿನ ಡಾಕ್ಟರುಗಳೇ ನೂರು ವರ್ಷಕ್ಕೂ ಹೆಚ್ಚು ಕಾಲದಿಂದ ಕೇಳಿಕೊಂಡಿದ್ದಾರೆ. ಅದಕ್ಕೇ ಇವತ್ತು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಮೊದಲು ಬೀಸುಕಲ್ಲಿನ ವಿಷಯ. ಮಕ್ಕಳಲ್ಲಿ ಎಷ್ಟೋ ಜನ ಅದನ್ನು ನೋಡಿರಲಿಕ್ಕಿಲ್ಲ. ಎರಡು ದುಂಡನೆಯ ಕಲ್ಲು, ಒಂದರ ಮೇಲೊಂದು. ಕೆಳಗಿನ ಕಲ್ಲು ಅಲ್ಲಾಡುವುದಿಲ್ಲ. ಮೇಲಿನ ಕಲ್ಲಿಗೆ ಒಂದು ಮರದ ಹಿಡಿ. ನಡುವಿನ ತೂತಿಗೆ ರಾಗಿ ಹಾಕಿ ಹಿಡಿ ಹಿಡಿದು ತಿರುಗಿಸಿದರೆ ಸುತ್ತಲೂ ಹಿಟ್ಟು ಉದುರುತ್ತದೆ. ಹಿಂದೆ ನಸುಕಿನಲ್ಲಿ ಹೆಂಗಸರು ಹಾಡು ಹೇಳಿಕೊಂಡು ಬೀಸುತ್ತಿದ್ದರು. ನಿಮ್ಮ ಅಜ್ಜಿಗೆ ಆ ಹಾಡುಗಳು ಗೊತ್ತಿದ್ದರೂ ಗೊತ್ತಿರಬಹುದು, ಕೇಳಿ ನೋಡಿ.

ನಮ್ಮ ಬಾಯಲ್ಲೂ ಒಂದು ಬೀಸುಕಲ್ಲಿದೆ, ಆದರೆ ತಲೆಕೆಳಗು. ಇಲ್ಲಿ ಮೇಲಿನ ದವಡೆ ತಲೆಬುರುಡೆಗೆ ಅಂಟಿಕೊಂಡು ಸುಮ್ಮನಿರುತ್ತದೆ, ಕೆಳಗಿನ ದವಡೆ ಓಡಾಡುತ್ತದೆ. ಅದನ್ನು ಓಡಾಡಿಸುವುದು ಸ್ನಾಯುಗಳು. ಎರಡೂ ಕೆನ್ನೆಯ ಹಿಂಭಾಗದಲ್ಲಿ, ಕಿವಿಯ ಸ್ವಲ್ಪ ಮುಂದೆ, ಅಂಗೈ ಇಟ್ಟು ಒಮ್ಮೆ ಹಲ್ಲು ಕಚ್ಚಿ ನೋಡಿ. ಗಟ್ಟಿ ಗಂಟಿನ ಹಾಗೆ ಉಬ್ಬಿ ಬರುತ್ತದಲ್ಲ, ಅದೇ ಬೀಸುವ ಕೈ.

ಈಗ ಪ್ರಶ್ನೆಯನ್ನು ಹೀಗೆ ಕೇಳೋಣ. ಬೀಸುಕಲ್ಲಿನ ಎರಡು ಕಲ್ಲುಗಳು ಸರಿಯಾಗಿ ಕೂಡದಿದ್ದರೆ ಹಿಟ್ಟು ಒಂದು ಕಡೆ ನುಣ್ಣಗೆ, ಒಂದು ಕಡೆ ತರಿತರಿ ಬರಬಹುದು. ಕಲ್ಲು ಒಂದು ಕಡೆ ಹೆಚ್ಚು ಸವೆಯಬಹುದು. ಆದರೆ ಕಲ್ಲು ಸರಿಯಾಗಿ ಕೂಡಿಲ್ಲ ಅನ್ನುವ ಕಾರಣಕ್ಕೆ, ಯಾರೂ ಹಿಡಿ ಮುಟ್ಟದೆ, ಮಧ್ಯರಾತ್ರಿ ಅದು ತಾನಾಗಿ ತಿರುಗುತ್ತದೆಯೇ?

ಹಲ್ಲಿನ ವಿಷಯದಲ್ಲಿ ಮಾತ್ರ ಹಾಗೆ ತಿರುಗುತ್ತದೆ ಎಂದೇ ಬಹಳ ಕಾಲ ನಂಬಿದ್ದರು.

ಆಸ್ಟ್ರಿಯಾದ ವಿಯೆನ್ನಾ ನಗರದಲ್ಲಿ ಕರೋಲಿ ಎಂಬ ದಂತವೈದ್ಯರಿದ್ದರು. ರಾತ್ರಿ ಹಲ್ಲು ಕಡಿಯುವುದರಿಂದ ಹಲ್ಲಿನ ಬುಡಕ್ಕೆ ಪೆಟ್ಟಾಗುತ್ತದೆ ಎಂದು 1901ರಲ್ಲಿ ಅವರು ಬರೆದರು. 1907ರಲ್ಲಿ ಫ್ರಾನ್ಸಿನ ಇಬ್ಬರು ವೈದ್ಯರು ಈ ಅಭ್ಯಾಸಕ್ಕೆ ಗ್ರೀಕ್ ಮಾತಿನಿಂದ ಒಂದು ಹೆಸರು ಕಟ್ಟಿದರು. ಇವತ್ತು ಡಾಕ್ಟರು ಚೀಟಿಯಲ್ಲಿ ಬರೆಯುವ 'ಬ್ರಕ್ಸಿಸಂ' ಎಂಬ ಪದ ಅದರಿಂದಲೇ ಬೆಳೆದದ್ದು. ಆಮೇಲೆ 1961ರಲ್ಲಿ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದ ರಾಮ್‌ಫಿಯೋರ್ಡ್ ಎಂಬ ಹೆಸರಾಂತ ದಂತವೈದ್ಯರು ಕೆನ್ನೆಯ ಸ್ನಾಯುಗಳ ವಿದ್ಯುತ್ತನ್ನು ಯಂತ್ರದಲ್ಲಿ ಅಳೆದು ನೋಡಿದರು. ಎಲ್ಲೋ ಒಂದು ಹಲ್ಲು ಉಳಿದವುಗಳಿಗಿಂತ ಮೊದಲೇ ತಾಗುತ್ತದೆ, ದವಡೆ ಆ ಅಡ್ಡಿಯನ್ನು ಉಜ್ಜಿ ಹಾಕಲು ನೋಡುತ್ತದೆ, ಅದೇ ಹಲ್ಲು ಕಡಿತ, ಆ ಎತ್ತರವನ್ನು ತೆಗೆದರೆ ಕಡಿತ ನಿಲ್ಲುತ್ತದೆ ಎಂಬುದು ಅವರ ತೀರ್ಮಾನವಾಗಿತ್ತು. ಜಗತ್ತಿನ ಬಹಳ ದಂತವೈದ್ಯರು ಅದನ್ನೇ ಅನುಸರಿಸಿದರು.

ಅವರ ಮಾತು ಕೇಳುವುದಕ್ಕೆ ಸರಿ ಅನ್ನಿಸುತ್ತದೆ. ಹಲ್ಲು ಕಡಿಯುವವರ ಬಾಯಿ ತೆರೆದು ನೋಡಿದರೆ ಸವೆದ ಹಲ್ಲು, ಹೊಂದದ ಹಲ್ಲು ಕಣ್ಣಿಗೆ ಕಾಣುತ್ತವೆ. ಎದುರಿಗೆ ಕಂಡದ್ದನ್ನು ಕಾರಣ ಅಂದುಕೊಳ್ಳುವುದು ಸುಲಭ. ಆದರೆ ಕಂಡದ್ದೇ ಕಾರಣವೋ ಎಂದು ತಿಳಿಯಲು ಪರೀಕ್ಷೆ ಮಾಡಬೇಕು. ವಿಜ್ಞಾನದ ಚೆಂದ ಇರುವುದೇ ಇಲ್ಲಿ, ಮಕ್ಕಳೇ. ಎತ್ತರದ ಹಲ್ಲು ಕಡಿತಕ್ಕೆ ಕಾರಣವಾದರೆ, ಬೇಕೆಂದೇ ಒಂದು ಎತ್ತರ ಮಾಡಿಟ್ಟರೆ ಕಡಿತ ಹೆಚ್ಚಬೇಕು, ಅಲ್ಲವೇ?

ಹಾಗೆಯೇ ಮಾಡಿ ನೋಡಿದರು. ಅಮೆರಿಕದ ಜಾನ್ ರೂ ಮತ್ತು ಜೊತೆಗಾರರು ಕೆಲವರಿಗೆ ಬೇಕೆಂದೇ ಸ್ವಲ್ಪ ಎತ್ತರ ಇರುವ ಹಲ್ಲಿನ ಕ್ಯಾಪ್ ಕೂರಿಸಿ, ರಾತ್ರಿ ಸ್ನಾಯುಗಳ ಕೆಲಸವನ್ನು ಅಳೆದರು. 1984ರಲ್ಲಿ ಅದರ ಫಲ ಪ್ರಕಟವಾಯಿತು. ಹೆಚ್ಚಿನವರಲ್ಲಿ ಮೊದಲ ಕೆಲವು ರಾತ್ರಿ ಹಲ್ಲು ಕಡಿತ ಕಡಿಮೆಯಾಗಿತ್ತು! 2005ರಲ್ಲಿ ಇಟಲಿಯ ನೇಪಲ್ಸ್ ನಗರದಲ್ಲಿ ಮಿಕೆಲೋಟಿ ಎಂಬ ವೈದ್ಯೆ ಮತ್ತು ಸಂಗಡಿಗರು 11 ಯುವತಿಯರ ದವಡೆ ಹಲ್ಲಿಗೆ ತೆಳ್ಳನೆಯ ಚಿನ್ನದ ಹಾಳೆ ಅಂಟಿಸಿದರು. ಒಂದಷ್ಟು ದಿನ ಹಾಳೆ ಕಚ್ಚುವ ಜಾಗದಲ್ಲಿ, ಒಂದಷ್ಟು ದಿನ ಕಚ್ಚಿಗೆ ಸಿಗದ ಹಾಗೆ ಹಲ್ಲಿನ ಪಕ್ಕದಲ್ಲಿ. ಕಚ್ಚುವ ಜಾಗದಲ್ಲಿ ಹಾಳೆ ಇದ್ದಾಗ ಹಗಲಿನಲ್ಲಿ ಕೆನ್ನೆಯ ಸ್ನಾಯು ಹೆಚ್ಚು ದುಡಿಯಲಿಲ್ಲ, ಕಡಿಮೆಯೇ ದುಡಿಯಿತು.

ಯಾಕೆ ಹೀಗೆ? ಅನ್ನದಲ್ಲಿ ಕಲ್ಲು ಸಿಕ್ಕಾಗ ಏನು ಮಾಡುತ್ತೀರಿ, ನೆನಪಿಸಿಕೊಳ್ಳಿ. ಇನ್ನೂ ಜೋರಾಗಿ ಅಗಿಯುತ್ತೀರಾ? ಇಲ್ಲ. "ಅಯ್ಯೋ" ಎಂದು ದವಡೆ ತಟ್ಟನೆ ಹಿಂದೆ ಸರಿಯುತ್ತದೆ. ಹಲ್ಲಿನ ಬೇರಿಗೂ ಎಲುಬಿಗೂ ನಡುವೆ ತೆಳ್ಳನೆಯ ನಾರಿನ ಪದರ ಇದೆ. ಅದರಲ್ಲಿ ನರಗಳ ತುದಿಗಳಿವೆ. ಊಟದ ನಡುವೆ ಒಂದು ಕೂದಲು ಬಂದರೂ ಅವು ಗುರುತು ಹಿಡಿಯುತ್ತವೆ. ಎತ್ತರ ಸಿಕ್ಕರೆ ದವಡೆ ಅದರ ಮೇಲೆ ದಾಳಿ ಮಾಡುವುದಿಲ್ಲ, ಅದನ್ನು ತಪ್ಪಿಸಿಕೊಂಡು ಓಡಾಡುತ್ತದೆ.

ಹಾಗಾದರೆ ರಾತ್ರಿ ಹಿಡಿ ತಿರುಗಿಸುವ ಕೈ ಯಾರದು?

ಇದಕ್ಕೆ ಉತ್ತರ ಸಿಕ್ಕಿದ್ದು ನಿದ್ದೆಯನ್ನು ಅಳೆಯುವ ಪ್ರಯೋಗಾಲಯಗಳಲ್ಲಿ. ಮಲಗಿದವರ ತಲೆಗೆ, ಎದೆಗೆ, ಕೆನ್ನೆಗೆ ಸಣ್ಣ ತಂತಿಗಳನ್ನು ಅಂಟಿಸಿ ರಾತ್ರಿಯಿಡೀ ಗುರುತು ಮಾಡಿಕೊಳ್ಳುತ್ತಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿ ಜೀಲ್ ಲಾವಿನ್ಯ್ ಎಂಬ ವಿಜ್ಞಾನಿ ಮತ್ತು ಅವರ ತಂಡ ಈ ಕೆಲಸವನ್ನು ಬಹಳ ವರ್ಷ ಮಾಡಿದೆ. ಅವರು ಕಂಡ ಕ್ರಮ ಹೀಗಿದೆ. ನಿದ್ದೆ ಆಳವಾಗಿರದ ಹೊತ್ತಿನಲ್ಲಿ ಮಿದುಳು ಕೆಲವು ಸೆಕೆಂಡು ಎಚ್ಚರದ ಅಂಚಿಗೆ ಬಂದು ಹೋಗುತ್ತದೆ. ಮಲಗಿದವರಿಗೆ ಗೊತ್ತೂ ಆಗುವುದಿಲ್ಲ. ಮೊದಲು ಮಿದುಳಿನ ಅಲೆಗಳು ಚುರುಕಾಗುತ್ತವೆ. ಆಮೇಲೆ ಎದೆಬಡಿತ ಏರುತ್ತದೆ. ಅದರ ಬೆನ್ನಿಗೇ ದವಡೆಯ ಸ್ನಾಯುಗಳು ಕೆಲಸ ಶುರುಮಾಡುತ್ತವೆ. ಹಲ್ಲಿಗೆ ಹಲ್ಲು ಉಜ್ಜಿ ಸದ್ದು ಕೇಳುವುದು ಎಲ್ಲಕ್ಕಿಂತ ಕೊನೆಗೆ.

ಹಲ್ಲು ತಾಗುವುದು ಕೊನೆಯ ಹೆಜ್ಜೆ, ಮೊದಲಿನದಲ್ಲ. ಅಂದಮೇಲೆ ಹಲ್ಲು ಇದನ್ನು ಶುರುಮಾಡಿತು ಎನ್ನುವುದು ಹೇಗೆ? ಇನ್ನೊಂದು ಸಂಗತಿ ಕೇಳಿ. ಹಲ್ಲು ಕಡಿಯದ ಆರೋಗ್ಯವಂತರಲ್ಲೂ ಸುಮಾರು ಶೇ. 60 ಮಂದಿಯ ದವಡೆ ನಿದ್ದೆಯಲ್ಲಿ ಆಗಾಗ ತಾಳಬದ್ಧವಾಗಿ ಮೆಲುಕು ಹಾಕಿದ ಹಾಗೆ ಆಡುತ್ತದೆ, ಸದ್ದಿಲ್ಲದೆ. ಕಡಿಯುವವರಲ್ಲಿ ಅದೇ ಆಟ ಹೆಚ್ಚು ಸಲ, ಹೆಚ್ಚು ಬಲವಾಗಿ ನಡೆಯುತ್ತದೆ. ನೆದರ್ಲೆಂಡ್ಸಿನ ಆಮ್‌ಸ್ಟರ್‌ಡ್ಯಾಮಿನ ಇಬ್ಬರು ಸಂಶೋಧಕರು 2001ರಲ್ಲಿ ಅಲ್ಲಿಯವರೆಗಿನ ಬರಹಗಳನ್ನೆಲ್ಲ ತೂಗಿ ನೋಡಿ, ಹಲ್ಲು ಕಡಿತದ ಮುಖ್ಯ ಹಿಡಿತ ಮಿದುಳಿನಲ್ಲಿದೆ, ಹಲ್ಲಿನ ಜೋಡಣೆಯಲ್ಲಿ ಅಲ್ಲ ಎಂದು ಬರೆದರು.

ನಮ್ಮ ಮಾತಿಗೆ ಇದು ಮೊದಲೇ ಗೊತ್ತಿತ್ತೇನೋ ಅನ್ನಿಸುತ್ತದೆ ನನಗೆ. ಸಿಟ್ಟು ಬಂದರೆ ಹಲ್ಲು ಕಡಿಯುತ್ತೇವೆ. ಹಗೆ ಇದ್ದರೆ ಹಲ್ಲು ಮಸೆಯುತ್ತೇವೆ. ಕಷ್ಟ ಬಂದರೆ ಹಲ್ಲು ಕಚ್ಚಿ ಸಹಿಸುತ್ತೇವೆ. ಇವುಗಳಲ್ಲಿ ಒಂದರಲ್ಲೂ ಹಲ್ಲಿನ ತಪ್ಪಿಲ್ಲ. ಆಡಿಸುವವನು ಒಳಗಿದ್ದಾನೆ.

ಹಾಗೆಂದು ಹಲ್ಲು ಕೂಡುವ ಬಗೆಗೆ ಏನೂ ಬೆಲೆ ಇಲ್ಲವೆಂದಲ್ಲ. ಬೀಸುವ ಕೈ ಬೇರೆಯಾದರೂ ಕಲ್ಲು ಎಲ್ಲಿ ಸವೆಯುತ್ತದೆ ಎಂಬುದನ್ನು ಕಲ್ಲುಗಳ ಕೂಡಿಕೆ ತೀರ್ಮಾನಿಸುತ್ತದೆ. ಬಾಚಿಹಲ್ಲುಗಳು ಅಂಚಿಗೆ ಅಂಚು ತಾಗುವವರು ಕಡಿದರೆ ಅವುಗಳ ಅಂಚು ಚಪ್ಪಟೆಯಾಗುತ್ತದೆ. ಕೆಳಗಿನ ಬಾಚಿಹಲ್ಲು ಮೇಲಿನದರ ಹಿಂದೆ ಆಳಕ್ಕೆ ಹೋಗುವವರಲ್ಲಿ ಮೇಲಿನ ಹಲ್ಲಿನ ಒಳಮೈ ತೆಳ್ಳಗಾಗುತ್ತದೆ. ಇನ್ನು ಕೆಲವರಲ್ಲಿ ಕೋರೆಹಲ್ಲಿನ ಚೂಪು ಹೋಗುತ್ತದೆ. ಅಷ್ಟೇ ಅಲ್ಲ, ವರ್ಷಗಟ್ಟಲೆ ಕಡಿದರೆ ಹಲ್ಲು ಗಿಡ್ಡವಾಗಿ ಕೂಡುವ ಬಗೆಯೇ ಬದಲಾಗುತ್ತದೆ. ಆಗ ನೋಡಿದವರಿಗೆ ಸರಿಯಾಗಿ ಕೂಡದ ಹಲ್ಲು ಕಾಣುತ್ತದೆ, ಆದರೆ ಅದು ಕಡಿತದ ಕಾರಣವಲ್ಲ, ಕಡಿತದ ಫಲ.

ಈಗ ಅಜ್ಜಿಯವರ ಪ್ರಶ್ನೆಗೆ ಬರುತ್ತೇನೆ.

ಅಮ್ಮಾ, ಹಲ್ಲು ಕಡಿಯುವುದನ್ನು ನಿಲ್ಲಿಸುವ ಸಲುವಾಗಿ ಮೊಮ್ಮಗನ ಹಲ್ಲು ಉಜ್ಜಿಸಬೇಡಿ. ಹಲ್ಲಿನ ಹೊರಗಿನ ಬಿಳಿ ಪದರವೇ ಎನಾಮೆಲ್. ನಮ್ಮ ದೇಹದಲ್ಲಿ ಅದಕ್ಕಿಂತ ಗಟ್ಟಿ ವಸ್ತು ಇನ್ನೊಂದಿಲ್ಲ. ಆದರೆ ಒಮ್ಮೆ ಹೋದರೆ ಅದು ಮತ್ತೆ ಬೆಳೆಯುವುದಿಲ್ಲ. ಬೀಸುಕಲ್ಲು ನುಣ್ಣಗಾದರೆ ಉಳಿ ಹೊಡೆಸಿ ಮತ್ತೆ ಒರಟು ಮಾಡಿಸಬಹುದಿತ್ತು, ನಿಮಗೆ ಗೊತ್ತು. ಹಲ್ಲಿಗೆ ಆ ಉಪಾಯ ಇಲ್ಲ. ಸಿಗದ ಫಲಕ್ಕಾಗಿ ಮರಳಿ ಬಾರದ ಎನಾಮೆಲನ್ನು ಕಳೆಯುವುದು ಬೇಡ.

ತಂತಿಯ ಮಾತೂ ಹಾಗೆಯೇ. ಹಲ್ಲು ಒಂದರ ಮೇಲೊಂದು ಹತ್ತಿ ಉಜ್ಜಲು ಕಷ್ಟವಾದರೆ, ಅಗಿಯಲು ಆಗದಿದ್ದರೆ, ಮುಂದಿನ ಹಲ್ಲು ಉಬ್ಬಿ ತುಟಿ ಮುಚ್ಚದಿದ್ದರೆ, ತಂತಿ ಹಾಕಿಸುವುದಕ್ಕೆ ಅದರದ್ದೇ ಕಾರಣಗಳಿವೆ. ಆ ಕಾರಣ ಇದ್ದರೆ ಸಮಯ ಬಂದಾಗ ಹಾಕಿಸಿ. ಕಡಿತ ನಿಲ್ಲಲಿ ಎಂಬ ಒಂದೇ ಆಸೆಗೆ ಮಗನನ್ನು ಸಾಲಕ್ಕೆ ತಳ್ಳಬೇಡಿ. ಅದರ ಮೇಲೆ ಎಂಟು ವರ್ಷ ಎಂದರೆ ಹಾಲುಹಲ್ಲು ಬಿದ್ದು ಹೊಸ ಹಲ್ಲು ಬರುವ ಕಾಲ. ಸುಮಾರು ಆರರಿಂದ ಹನ್ನೆರಡರವರೆಗೆ ಬಾಯಿ ಎಂದರೆ ಕಟ್ಟುತ್ತಿರುವ ಮನೆ ಇದ್ದ ಹಾಗೆ. ಒಂದು ಕಡೆ ಕಿಟಕಿ ಇಲ್ಲ, ಇನ್ನೊಂದು ಕಡೆ ಬಾಗಿಲು ಅರ್ಧ. ಆ ವಯಸ್ಸಿನಲ್ಲಿ ಹಲ್ಲುಗಳು ಚೆನ್ನಾಗಿ ಕೂಡದಿರುವುದೇ ಸಾಮಾನ್ಯ.

ಒಂದು ಮಾತನ್ನು ಮಾತ್ರ ಇದರ ಜೊತೆ ಬೆರೆಸಬೇಡಿ. ಹೊಸದಾಗಿ ಹಲ್ಲು ತುಂಬಿಸಿದ ಮೇಲೆ ಆ ಹಲ್ಲು ಮೊದಲೇ ತಾಗುತ್ತದೆ, ಕಚ್ಚಿದರೆ ನೋಯುತ್ತದೆ ಅನ್ನಿಸಿದರೆ ತಡಮಾಡದೆ ಹೋಗಿ ತೋರಿಸಿ. ಡಾಕ್ಟರು ಬಣ್ಣದ ಕಾಗದ ಕಚ್ಚಿಸಿ ಎತ್ತರ ಎಲ್ಲಿದೆ ನೋಡಿ, ತುಂಬಿದ ಸಿಮೆಂಟನ್ನು ಸ್ವಲ್ಪ ಕೆರೆಯುತ್ತಾರೆ. ಅದು ನೋವಿಗೆ ಮಾಡುವ ಸರಿಯಾದ ಕೆಲಸ.

ಇನ್ನು ಹುಳು. ಹಲ್ಲು ಕಡಿಯುವ ಮಗುವಿಗೆ ಹೊಟ್ಟೆಯಲ್ಲಿ ಹುಳು ಇದೆ ಎಂದು ನಮ್ಮ ಕಡೆ ಮನೆಮನೆಯಲ್ಲೂ ಹೇಳುತ್ತಾರೆ. ಹುಳು ಇಲ್ಲದ ಮಕ್ಕಳೂ ಕಡಿಯುತ್ತಾರೆ, ಹುಳು ಇದ್ದರೂ ಕಡಿಯದ ಮಕ್ಕಳಿದ್ದಾರೆ. ಹಲ್ಲಿನ ಸದ್ದನ್ನು ಕೇಳಿ ಹುಳು ಇದೆ ಎಂದು ಹೇಳಲಾಗದು. ಶಾಲೆ, ಅಂಗನವಾಡಿಗಳಲ್ಲಿ ಜಂತುಹುಳು ನಿವಾರಣಾ ದಿನ ಕೊಡುವ ಮಾತ್ರೆಯನ್ನು ಹುಳುವಿಗಾಗಿ ತಪ್ಪದೆ ಕೊಡಿಸಿ. ಹಲ್ಲಿನ ಸದ್ದಿಗೆಂದು ನೀವೇ ಅಂಗಡಿಯಿಂದ ತಂದು ಮತ್ತೆ ಮತ್ತೆ ಕೊಡಬೇಡಿ.

ಹಾಗಾದರೆ ಏನು ಮಾಡಬೇಕು? ಮೊದಲು ಮಗುವಿನ ಪಕ್ಕ ಕೂತು ನಿದ್ದೆ ನೋಡಿ. ಈ ಕೆಲಸಕ್ಕೆ ಅಜ್ಜಿಗಿಂತ ಒಳ್ಳೆಯ ಡಾಕ್ಟರಿಲ್ಲ. ಬಾಯಿ ತೆರೆದುಕೊಂಡು ಮಲಗುತ್ತಾನೆಯೇ? ಗೊರಕೆ ಹೊಡೆಯುತ್ತಾನೆಯೇ? ಉಸಿರು ನಡುವೆ ನಿಂತು, ಆಮೇಲೆ ಬಿಕ್ಕಿದ ಹಾಗೆ ಬರುತ್ತದೆಯೇ? ಹಾಗಿದ್ದರೆ ಮಕ್ಕಳ ಡಾಕ್ಟರಿಗೋ ಕಿವಿ ಮೂಗು ಗಂಟಲಿನ ಡಾಕ್ಟರಿಗೋ ತೋರಿಸಿ. ಗಂಟಲಿನ ಟಾನ್ಸಿಲ್, ಮೂಗಿನ ಹಿಂದಿನ ಅಡಿನಾಯ್ಡ್ ದೊಡ್ಡದಾಗಿ ಉಸಿರಿಗೆ ಅಡ್ಡಿಯಾದರೆ ನಿದ್ದೆ ಮತ್ತೆ ಮತ್ತೆ ಮುರಿಯುತ್ತದೆ. ನಿದ್ದೆ ಮುರಿದಾಗಲೇ ಹಲ್ಲು ಕಡಿತ ಬರುವುದು ಎಂದು ಆಗಲೇ ನೋಡಿದೆವಲ್ಲ.

ಬೆಳಗ್ಗೆ ಎದ್ದಾಗ ತಲೆನೋವು, ಕೆನ್ನೆನೋವು ಇದೆಯೇ, ಬಾಯಿ ದೊಡ್ಡದಾಗಿ ತೆರೆಯಲು ಕಷ್ಟವೇ, ತಣ್ಣೀರು ಕುಡಿದರೆ ಹಲ್ಲು ಜುಮ್ಮೆನ್ನುತ್ತದೆಯೇ ಎಂದು ಕೇಳಿ. ಇದ್ದರೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಮನಸ್ಸಿನಲ್ಲಿ ಏನಾದರೂ ಇದೆಯೇ, ಅದನ್ನೂ ಕೇಳಿ. ಹೊಸ ಶಾಲೆ, ಪರೀಕ್ಷೆ, ಮನೆಯಲ್ಲಿ ಜಗಳ, ದೂರದ ಊರಿನಲ್ಲಿರುವ ಅಪ್ಪ ಅಮ್ಮ, ಇವನ್ನೆಲ್ಲ ಮಗು ಹಗಲು ಬಾಯಿಬಿಟ್ಟು ಹೇಳುವುದಿಲ್ಲ. ಮಲಗುವ ಮುಂಚೆ ಒಂದು ಗಂಟೆ ಮೊಬೈಲು, ಟಿವಿ ಬದಿಗಿಟ್ಟು ಒಂದು ಕಥೆ ಹೇಳಿ. ದಿನಾ ಒಂದೇ ಹೊತ್ತಿಗೆ ಮಲಗಿಸಿ. ಇವು ಯಾವುದೂ ಇಲ್ಲದೆ ಬರೀ ಸದ್ದು ಮಾತ್ರ ಇದ್ದರೆ ಹೆದರಬೇಡಿ. ಚಿಕ್ಕ ಮಕ್ಕಳಲ್ಲಿ ಹಲ್ಲು ಕಡಿತ ದೊಡ್ಡವರಿಗಿಂತ ಹೆಚ್ಚು. ಬೆಳೆಯುತ್ತಾ ಬೆಳೆಯುತ್ತಾ ಬಹುಪಾಲು ಮಕ್ಕಳಲ್ಲಿ ಅದು ತಾನಾಗಿ ಕಡಿಮೆಯಾಗುತ್ತದೆ.

ಹಿರಿಯರಿಗೂ ನಾಲ್ಕು ಮಾತು. ದೊಡ್ಡವರಲ್ಲಿ ಸಂಜೆಯ ಮೇಲಿನ ಕಾಫಿ, ಬೀಡಿ ಸಿಗರೇಟು, ಕುಡಿತ, ಚಿಂತೆ, ಗೊರಕೆಯ ಕಾಯಿಲೆ, ಇವು ಕಡಿತವನ್ನು ಹೆಚ್ಚಿಸುತ್ತವೆ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೆಚ್ಚಬಹುದು. ಆದರೆ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಕೊಟ್ಟ ಡಾಕ್ಟರನ್ನೇ ಕೇಳಿ. ಹಲ್ಲು ಸವೆಯುತ್ತಿದ್ದರೆ ರಾತ್ರಿ ಹಾಕಿಕೊಳ್ಳುವ ಒಂದು ಗಟ್ಟಿ ಪ್ಲಾಸ್ಟಿಕ್ಕಿನ ಕವಚವನ್ನು ನಿಮ್ಮ ಹಲ್ಲಿನ ಅಳತೆಗೆ ಮಾಡಿಕೊಡುತ್ತಾರೆ. ಅದು ಬೀಸುವ ಕೈಯನ್ನು ತಡೆಯುವುದಿಲ್ಲ, ಕಲ್ಲು ಸವೆಯದ ಹಾಗೆ ನಡುವೆ ಕೂರುತ್ತದೆ. ಬೆಳೆಯುವ ಮಕ್ಕಳಿಗೆ ಸಾಮಾನ್ಯವಾಗಿ ಅದನ್ನು ಕೊಡುವುದಿಲ್ಲ, ಹೊಸ ಹಲ್ಲು ಬರಬೇಕಲ್ಲ. ಕಟ್ಟಿಸಿದ ಹಲ್ಲಿನ ಸೆಟ್ ಇರುವವರು ರಾತ್ರಿ ಅದನ್ನು ತೆಗೆದು ನೀರಿನಲ್ಲಿಟ್ಟು ಮಲಗಿ. ಒಸಡಿಗೂ ರಜೆ ಬೇಕು.

ಪುಟ್ಟಿ, ನಿನ್ನ ಕಾಗದವನ್ನು ಮರೆತಿಲ್ಲ. ಸೊಟ್ಟ ಹಲ್ಲಿನವರೇ ಹಲ್ಲು ಕಡಿಯುವುದು ಎಂಬ ಮಾತು ಸುಳ್ಳು. ಸಾಲಾಗಿ ಮುತ್ತು ಪೋಣಿಸಿದ ಹಾಗಿರುವ ಹಲ್ಲಿನವರೂ ಕಡಿಯುತ್ತಾರೆ. ಹಲ್ಲು ಸೊಟ್ಟ ಇರುವ ಎಷ್ಟೋ ಜನ ರಾತ್ರಿಯೆಲ್ಲ ಸುಮ್ಮನೆ ಮಲಗುತ್ತಾರೆ. ಕೋರೆಹಲ್ಲಿಗೆ ಜಾಗ ಸಾಲದೆ ಅದು ಪಕ್ಕಕ್ಕೆ ಬಂದಿರಬಹುದು. ತಂತಿ ಬೇಕೋ ಬೇಡವೋ ಎಂದು ಡಾಕ್ಟರಿಗೆ ಒಮ್ಮೆ ತೋರಿಸಿ ಕೇಳು, ಅದು ಬೇರೆ ವಿಷಯ. ಈ ಪುಟವನ್ನು ಅಣ್ಣನ ಕೈಗೆ ಕೊಡು. ಓದಿದ ಮೇಲೆ ಅವನಿಗೊಂದು ಕೆಲಸ ಹೇಳು: ರಾತ್ರಿ ನಿನ್ನ ಹಲ್ಲಿನ ಸದ್ದು ಕೇಳಿದರೆ ನಗುವುದು ಬಿಟ್ಟು, ಎಷ್ಟು ಗಂಟೆಗೆ ಕೇಳಿತು, ಆಗ ಗೊರಕೆ ಇತ್ತೇ, ಬಾಯಿ ತೆರೆದಿತ್ತೇ ಎಂದು ಒಂದು ವಾರ ಪುಸ್ತಕದಲ್ಲಿ ಬರೆದಿಡಲಿ. ಡಾಕ್ಟರಿಗೆ ಆ ಪುಟ ಬಹಳ ಉಪಯೋಗಕ್ಕೆ ಬರುತ್ತದೆ.

ಇನ್ನು ಎಲ್ಲರಿಗೂ ಈ ವಾರದ ಕೆಲಸ. ನಿದ್ದೆಯಲ್ಲಿ ಆಗುವುದು ನಮ್ಮ ಕೈಯಲ್ಲಿಲ್ಲ, ಹಗಲಿನದು ಸ್ವಲ್ಪ ಇದೆ. ಲೆಕ್ಕ ಮಾಡುವಾಗ, ಸೂಜಿಗೆ ದಾರ ಪೋಣಿಸುವಾಗ, ಮೊಬೈಲಿನಲ್ಲಿ ಆಟ ಆಡುವಾಗ ಎಷ್ಟೋ ಜನ ಗೊತ್ತಿಲ್ಲದೆ ಹಲ್ಲು ಬಿಗಿ ಹಿಡಿದಿರುತ್ತಾರೆ. ಕನ್ನಡಿ, ಗಡಿಯಾರ, ಪುಸ್ತಕದ ರಟ್ಟು, ಅಡುಗೆಮನೆಯ ಡಬ್ಬಿ, ಇವುಗಳ ಮೇಲೆ ಒಂದೊಂದು ಕೆಂಪು ಬಿಂದಿ ಅಂಟಿಸಿ. ಬಿಂದಿ ಕಂಡಾಗಲೆಲ್ಲ ಒಂದೇ ಮಾತು ನೆನೆಯಿರಿ: ತುಟಿ ಕೂಡಿರಲಿ, ಹಲ್ಲು ಬಿಟ್ಟಿರಲಿ. ಅಜ್ಜಿಯ ಬಿಂದಿ ಡಬ್ಬಿ ಖಾಲಿಯಾದರೆ ಬೈಗುಳ ನನಗೆ ಬರಲಿ.

ಮುಂದಿನ ವಾರ: ಬಿದ್ದ ಹಾಲುಹಲ್ಲಿಗೆ ಬೇರು ಯಾಕೆ ಇರುವುದಿಲ್ಲ? ನಿಮ್ಮ ಊಹೆಯನ್ನು ಬರೆದು ಕಳಿಸಿ.